ಚಪ್ಪಡಿ ಮಾಳಿಗೆ ನಡುವೆ ಸೀಳಿದೆ, ಯಾವ ಬೀಮ್ ಕೊಡಲಿ? (ಚಿಂತಾಮಣಿ)

ಮಾಳಿಗೆಮನೆ: ಹಳೇ ಕಲ್ಲುಚಪ್ಪಡಿ ಮನೆ. ಹಾಲ್‌ನಲ್ಲಿ ಒಂದು ಚಪ್ಪಡಿ ನಡುಮಧ್ಯಕ್ಕೆ ಅಡ್ಡ ಸೀಳಿದೆ, ಮಳೆ ಬಂದ್ರೆ ಅಲ್ಲೇ ತೊಟ್ಟಿಕ್ಕುತ್ತೆ. ಎರಡು ಸಲ ಸಿಮೆಂಟ್ ಹಾಲು ಬಿಟ್ಟಾಯ್ತು. ಕೆಳಗೆ ಐ ಬೀಮ್ (I ಆಕಾರದ ಕಬ್ಬಿಣದ ತೊಲೆ) ಕೊಡೋಣ ಅಂತ. ಸೈಜು ಹೇಳಿ ಸಾಕು. ಮೂರು ಮೇಸ್ತ್ರಿ ಮೂರು ಥರ ಹೇಳ್ತಾರೆ.

ಗಾರೆಕೆಲಸ: ಬೀಮ್ ಯಾಕೆ ಸಾರ್, ಇದು ಎರಡು ಚಪ್ಪಡಿ ನಡುವಿನ ಸಂದಿ ಸೋರಿಕೆ. ಹಳೇ ಗಾರೆ ಒಂದಿಂಚು ಆಳ ಕೆತ್ತಿ, ನೀರುಣಿಸಿ, ಸುಣ್ಣ 1 ಮರಳು 2 ತುಂಬಿ.

ತೊಲೆಲೆಕ್ಕ: ಅಡ್ಡ ಸೀಳಿದೆ ಅಂತಿದ್ದಾರೆ, ಸಂದಿ ಎಲ್ಲಿ ಬಂತು? ಗೋಡೆಯಿಂದ ಗೋಡೆಗೆ ಎಷ್ಟಡಿ? ದಪ್ಪ, ಅಗಲ? ಮೇಲೇನಿದೆ?

ಗಾರೆಕೆಲಸ: ಬಿಸಿಲಿಗೆ ಹಿಗ್ಗಿ ಕುಗ್ಗಿ ಸೀಳೋದು ಅಣ್ಣಾ. ಗಾರೆ ಹೋದ್ರೆ ಹಾಗೇನೇ.

ಮಾಳಿಗೆಮನೆ: 9 ಅಡಿ. ದಪ್ಪ 4 ಇಂಚು, ಅಗಲ 2 ಅಡಿ. ಮೇಲೇನಿಲ್ಲ, ಎಲ್ಲರ ಮನೇಲಿರೋ ಹಾಗೆ ಸಾವಿರ ಲೀಟರ್ ಟ್ಯಾಂಕ್ ಅಷ್ಟೆ.

ತೊಲೆಲೆಕ್ಕ: ಅಷ್ಟೆ ಅಂತೀರಲ್ಲ! ಚಪ್ಪಡಿಯದೇ ತೂಕ ಸುಮಾರು 500 ಕೆಜಿ, ಟ್ಯಾಂಕ್ ತುಂಬಿದ್ರೆ ಇನ್ನೊಂದು ಟನ್. ಅದೇ ತೂಕ ಪೂರ್ತಿ ಹರಡಿ ಕೂತದ್ದಕ್ಕಿಂತ ನಡುವಿಗೆ ಬಿದ್ರೆ ಬಾಗಿಸೋ ಬಲ ಎರಡು ಪಟ್ಟು. ಕಲ್ಲು ಒತ್ತಿದ್ರೆ ತಡೆಯುತ್ತೆ, ಎಳೆದ್ರೆ ತಡೆಯಲ್ಲ, ಒಳಗೆ ಕಂಬಿ ಇಲ್ಲವಲ್ಲ. ಬಾಗಿದಾಗ ಎಳೆತ ತಳಕ್ಕೆ, ಅಲ್ಲಿಂದ ಸೀಳು ಶುರು. ಮೊದಲು ಟ್ಯಾಂಕ್ ಖಾಲಿ ಮಾಡಿ ಇಳಿಸಿ, ಸೀಳಿನ ಎರಡೂ ಕಡೆ ಒಂದಡಿ ದೂರಕ್ಕೆ ಚಪ್ಪಡಿ ಕೆಳಗೆ ಹಲಗೆ ಇಟ್ಟು ಜಾಕಿ (ತಿರುಗಿಸಿ ಎತ್ತರಿಸೋ ಕಬ್ಬಿಣದ ಆಸರೆ ಕಂಬ) ಕೊಡಿ.

ಕಾಂಕ್ರೀಟ್‌ಗುರು: ಕಿತ್ತಾಕಿ ಆರ್‌ಸಿಸಿ ಹಾಕ್ಸಿ ಗುರು. ನಮ್ದು 5 ಇಂಚು ಸ್ಲ್ಯಾಬ್, 10 ಎಂಎಂ ಕಂಬಿ ಆರಿಂಚಿಗೊಂದು, ಮೇಲೆ ಎರಡು ಟ್ಯಾಂಕು.

ಗಾರೆಕೆಲಸ: ಏಪ್ರಿಲ್‌ನಲ್ಲಿ ಅದರ ಕೆಳಗೆ ಮಧ್ಯಾಹ್ನ ಮಲಗಿ ತೋರ್ಸಿ.

ಕಾಂಕ್ರೀಟ್‌ಗುರು: ಮೇಲೆ ಬಿಳಿ ಟೈಲ್ಸ್ ಇದೆ ಸ್ವಾಮಿ.

ಮಾಳಿಗೆಮನೆ: ಬೀಮ್ ಸೈಜು???

ತೊಲೆಲೆಕ್ಕ: 100 ಎಂಎಂ ಐ ಬೀಮ್ ಎರಡು, 10 ಅಡಿ ಉದ್ದ. ಸೀಳಿದ ಚಪ್ಪಡಿಯ ಎರಡೂ ಅಂಚಿನ ಕೆಳಗೆ, ಅದರ ಉದ್ದಕ್ಕೇ. ಸೀಳಿನ ನೇರಕ್ಕೆ ಇಡೀ ಹಾಲಿಗೆ ಒಂದೇ ಬೀಮ್ ಕೊಟ್ಟು ಬಿಗಿದ್ರೆ, ಚೆನ್ನಾಗಿರೋ ಚಪ್ಪಡಿಗಳಿಗೂ ನಡುವೆ ಆಸರೆ ಬಿದ್ದು ಎಳೆತ ಮೇಲ್ಮೈಗೆ ಹೋಗುತ್ತೆ, ಅವೂ ಸೀಳಬಹುದು. ಗೋಡೇಲಿ ಒಂದು ಕಡೆ ಗೂಡು ಒಂದಡಿಗೂ ಸ್ವಲ್ಪ ಹೆಚ್ಚು ಆಳ, ಇನ್ನೊಂದು ಕಡೆ ಆರಿಂಚು. ಆಳದ ಕಡೆ ಪೂರ್ತಿ ತೂರಿಸಿ ಈ ಕಡೆಗೆ ಎಳ್ಕೊಳ್ಳಿ, ಎರಡೂ ಕಡೆ ಆರಾರು ಇಂಚು ಕೂರುತ್ತೆ. ಬರೀ ಕಲ್ಲುಗೋಡೆ ಮೇಲೆ ಇಡಬೇಡಿ. ತುದಿಯ ಕೆಳಗೆ 9 ಇಂಚು ಅಗಲ, 6 ಇಂಚು ಆಳ, 4 ಇಂಚು ದಪ್ಪದ ಕಾಂಕ್ರೀಟ್ ಬೆಡ್, ಸಿಮೆಂಟ್ 1 ಮರಳು 2 ಜಲ್ಲಿ 4, ಏಳು ದಿನ ನೀರು. ಬೀಮಿಗೂ ಚಪ್ಪಡಿಗೂ ನಡುವಿನ ಸಂದಿಗೆ ಕಬ್ಬಿಣದ ಪಟ್ಟಿ, ಆಮೇಲೆ ನೀರು ಕಮ್ಮಿ ಹಾಕಿ ಕಲಸಿದ ಗಾರೆ, ಸಿಮೆಂಟ್ 1 ಮರಳು 3, ಒತ್ತಿ ತುಂಬಿ. ಮರದ ತುಂಡು ಬೇಡ, ಒಣಗಿ ಕುಗ್ಗುತ್ತೆ. ಬೀಮ್ ಏರಿಸೋ ಮುಂಚೆ ತುಕ್ಕು ಹಿಡೀದ ಹಾಗೆ ರೆಡಾಕ್ಸೈಡ್ ಬಣ್ಣ ಎರಡು ಕೋಟ್.

ಗಾರೆಕೆಲಸ: ಸಂದಿ ಗಾರೆ ಮಾತ್ರ ಬಿಡಬೇಡಿ.

ಮಾಳಿಗೆಮನೆ: ಟ್ಯಾಂಕ್ ಇಳಿಸಿದೆ. ಜಾಕಿ ತಿರುಗಿಸ್ತಾ ಇದ್ದಾಗ ಪಕ್ಕದ ಚಪ್ಪಡೀಲಿ ಟಕ್ ಅಂತ ಸದ್ದಾಯ್ತು. ಮುಂದುವರಿಸಲಾ?

ತೊಲೆಲೆಕ್ಕ: ಬೇಡ! ಹಲಗೆ ಪಕ್ಕದ ಚಪ್ಪಡಿಗೂ ತಾಗಿರಬೇಕು. ಸದ್ದು ಬಂದ ಚಪ್ಪಡಿ ಕೆಳಗೆ ಯಾರೂ ನಿಲ್ಲಬೇಡಿ. ಜಾಕಿ ಕಾಲು ಸುತ್ತು ಸಡಿಲಿಸಿ, ಹಲಗೆ 2 ಅಡಿಗೆ ಕುಯ್ದು ಮತ್ತೆ ಕೊಡಿ, ಕೈಯಲ್ಲಿ ತಿರುಗುವಷ್ಟೇ ಬಿಗಿ. ಪಕ್ಕದ್ದರ ಫೋಟೋ ಹಾಕಿ.