ಟ್ರಾನ್ಸ್‌ಕೋಡ್‌ಗೆ ಏನನ್ನೋಣ? ಆನ್-ಡಿಮ್ಯಾಂಡ್‌ಗೆ ‘ಬೇಡಿಕೆ’ಯೋ ‘ಕೋರಿಕೆ’ಯೋ?

ಎಲ್ಲರಿಗೂ ನಮಸ್ಕಾರ.

ದಾವಣಗೆರೆಯಲ್ಲಿ ಮದುವೆ, ನಾಮಕರಣದ ವಿಡಿಯೋ ಮಾಡುವ ಹುಡುಗರಿಗೆ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಈಗ ಪೆನ್‌ಡ್ರೈವ್ ಕೊಟ್ಟರೆ ಸಾಲದು. ನೆಂಟರು ತಮಗೆ ಬೇಕಾದಾಗ ಮೊಬೈಲ್‌ನಲ್ಲೇ ನೋಡಬೇಕು. ಅದಕ್ಕೆ ಒಂದೇ ವಿಡಿಯೋವನ್ನು 1080, 720, 480 ಎಂದು ಹಲವು ಅಳತೆಗಳಲ್ಲಿ ಮಾಡಿಡಬೇಕು. ಇದನ್ನು ಬೇಗ ಮುಗಿಸುವುದು ಹೇಗೆ ಅನ್ನುವುದೇ ಕೈಪಿಡಿಯ ವಿಷಯ. ಅದರಲ್ಲಿ ಬರುವ ತಾಂತ್ರಿಕ ಪದಗಳಿಗೆ ಕನ್ನಡ ಹುಡುಕುತ್ತಿದ್ದೇನೆ.

ಸ್ಟುಡಿಯೋಗಳಲ್ಲಿ ಎಲ್ಲದಕ್ಕೂ ಒಂದೇ ಮಾತು: ‘ಕನ್ವರ್ಟ್‌ಗೆ ಹಾಕಿದೀನಿ’. ಗಿರಣಿಗೆ ಜೋಳ ಹಾಕಿದ ಹಾಗೆ! ಆದರೆ ಅದರಲ್ಲಿ ಮೂರು ಬೇರೆ ಬೇರೆ ಕೆಲಸಗಳಿವೆ. ಕಚ್ಚಾ ಚಿತ್ರವನ್ನು ಎಚ್.264ನಂಥ ಕ್ರಮದಲ್ಲಿ ಕುಗ್ಗಿಸಿದರೆ ಎನ್‌ಕೋಡ್. ಕುಗ್ಗಿಸಿದ್ದನ್ನು ಬಿಡಿಸಿ, ಬೇರೆ ಕ್ರಮದಲ್ಲೋ ಅಳತೆಯಲ್ಲೋ ಮತ್ತೆ ಕುಗ್ಗಿಸಿದರೆ ಟ್ರಾನ್ಸ್‌ಕೋಡ್. ಒಳಗಿನ ಚಿತ್ರ ಮುಟ್ಟದೆ, ಹೊರಗಿನ ಕಟ್ಟನ್ನಷ್ಟೇ ಬದಲಿಸಿ ಎಂಕೆವಿ ಫೈಲನ್ನು ಎಂಪಿ4 ಮಾಡಿದರೆ ರೀಮಕ್ಸ್. ಇದು ಬರೀ ನಕಲು ಮಾಡುವ ಕೆಲಸ, ಬೇಗ ಮುಗಿಯುತ್ತದೆ, ಚಿತ್ರವೂ ಕೆಡುವುದಿಲ್ಲ. ಟ್ರಾನ್ಸ್‌ಕೋಡ್‌ನಲ್ಲಿ ಸಾಮಾನ್ಯವಾಗಿ ಪ್ರತಿ ಸಲವೂ ಸ್ವಲ್ಪ ಕೆಡುತ್ತದೆ. ಪದ ಒಂದೇ ಆದ್ದರಿಂದ ರೀಮಕ್ಸ್ ಸಾಕಾಗುವ ಕಡೆಯೂ ಟ್ರಾನ್ಸ್‌ಕೋಡ್ ಮಾಡಿ ಗಂಟೆಗಟ್ಟಲೆ ಕಾಯುತ್ತಾರೆ.

ಎನ್‌ಕೋಡ್‌ಗೆ ‘ಸಂಕೇತೀಕರಣ’ ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಓದುವವರಿಗೆ ಪಾಸ್‌ವರ್ಡ್, ಗುಟ್ಟು ಇಂಥದ್ದೇ ನೆನಪಾಗುತ್ತದೆ. ಎನ್‌ಕೋಡ್‌ಗೆ ‘ಅಡಕ ಮಾಡು’, ಟ್ರಾನ್ಸ್‌ಕೋಡ್‌ಗೆ ‘ಮರು ಅಡಕ’, ರೀಮಕ್ಸ್‌ಗೆ ‘ಕಟ್ಟು ಬದಲಿಸು’ ಎಂದು ಬರೆದುಕೊಂಡಿದ್ದೇನೆ. ಚನ್ನಗಿರಿ ಕಡೆಯವರು ‘ಮರು ಅಡಿಕೆ’ ಎಂದು ಓದಿಕೊಂಡಾರು ಅನ್ನುವ ಭಯ ಇದ್ದೇ ಇದೆ.

‘ಹಾರ್ಡ್‌ವೇರ್ ಆಕ್ಸಿಲರೇಶನ್’ (ಈ ಕೆಲಸವನ್ನು ಅದಕ್ಕೆಂದೇ ಇರುವ ಸರ್ಕ್ಯೂಟ್‌ಗೆ ಕೊಟ್ಟು ಬೇಗ ಮುಗಿಸುವುದು) ಇನ್ನೂ ಕಷ್ಟ. ‘ವೇಗವರ್ಧಕ’ ಎಂದರೆ ರಸಾಯನಶಾಸ್ತ್ರದ ಪಾಠ. ‘ಗ್ರಾಫಿಕ್ಸ್ ಕಾರ್ಡ್‌ಗೆ ಹಾಕು’ ಅನ್ನುವ ಹುಡುಗರ ಮಾತೇ ವಾಸಿ. ಒಂದು ವಿವರ ಮಾತ್ರ ಸೇರಿಸಬೇಕು: ವಿಡಿಯೋ ಗೇಮ್‌ನ ಚಿತ್ರ ಮೂಡಿಸುವ ಭಾಗ ಈ ಕೆಲಸ ಮಾಡುವುದಿಲ್ಲ. ಅದೇ ಕಾರ್ಡ್‌ನಲ್ಲಿ ಎನ್‌ಕೋಡ್‌ಗೆಂದೇ ಬೇರೆ ಸರ್ಕ್ಯೂಟ್ ಇರುತ್ತದೆ. ಇಂಟೆಲ್ ಇಂಥದ್ದನ್ನು 2011ರಲ್ಲಿ ಪ್ರೊಸೆಸರ್‌ನೊಳಗೇ ತಂದಿತು, ಎನ್‌ವಿಡಿಯಾ 2012ರಲ್ಲಿ ಕಾರ್ಡ್‌ಗಳಲ್ಲಿ ತಂದಿತು. ಯೂಟ್ಯೂಬ್‌ಗಾಗಿ ಗೂಗಲ್ ತನ್ನದೇ ಚಿಪ್ ಮಾಡಿಕೊಂಡಿದ್ದನ್ನು 2021ರಲ್ಲಿ ವಿವರಿಸಿತು. ಈ ಸರ್ಕ್ಯೂಟ್‌ಗಳು ಬಹಳ ಚುರುಕು. ಆದರೆ ನಿಧಾನಕ್ಕೆ ಬಿಟ್ಟ ಸಾಫ್ಟ್‌ವೇರ್ ಎನ್‌ಕೋಡರ್ ಅಷ್ಟೇ ಗಾತ್ರದ ಫೈಲ್‌ನಲ್ಲಿ ಸಾಮಾನ್ಯವಾಗಿ ಇನ್ನೂ ಚೆಂದದ ಚಿತ್ರ ಕೊಡುತ್ತದೆ. ಹಾಗಾಗಿ ‘ವೇಗ’ ಅನ್ನುವ ಪದ ಒಂದನ್ನೇ ಹೆಸರಿನಲ್ಲಿ ಇಟ್ಟರೆ ಅರ್ಧ ಕಥೆ ಹೇಳಿದಂತೆ, ಅಲ್ವಾ?

ಇನ್ನು ಆನ್-ಡಿಮ್ಯಾಂಡ್, ಅಂದರೆ ಕೇಳಿದಾಗ ಒದಗಿಸುವುದು. ‘ಬೇಡಿಕೆ’ ಎಂದರೆ ನಮಗೆ ಮಾರುಕಟ್ಟೆ, ಇಲ್ಲವೇ ಧರಣಿ. ಬಸ್ಸಿನ ‘ಕೋರಿಕೆ ನಿಲುಗಡೆ’, ರೇಡಿಯೋದ ಕೋರಿಕೆ ಗೀತೆ ಎಲ್ಲರಿಗೂ ಗೊತ್ತು. ‘ಕೋರಿಕೆ ವಿಡಿಯೋ’ ಸಲೀಸಾಗಿ ಬರುತ್ತದೆ. ತೊಡಕು ಏನೆಂದರೆ, ಕೋರಿಕೆ ಎರಡು ಕಡೆ ಬರುತ್ತದೆ. ನೋಡುವವರು ಕೇಳಿದಾಗ ಮೊದಲೇ ಮಾಡಿಟ್ಟ ಫೈಲ್ ಕೊಡುವುದು ಒಂದು. ಕೇಳಿದ ಮೇಲೆಯೇ ಮರು ಅಡಕ ಶುರು ಮಾಡುವುದು ಇನ್ನೊಂದು. ಎರಡನೆಯದರಲ್ಲಿ ಜಾಗ ಉಳಿಯುತ್ತದೆ, ಆದರೆ ಯಂತ್ರ ಚುರುಕಾಗಿರದಿದ್ದರೆ ನೆಂಟರು ಕಾಯಬೇಕು. ಇದಕ್ಕೆ ‘ಕೇಳಿದಾಗಿನ ಅಡಕ’ ಎಂದು ಬರೆದೆ. ಕಿವಿಗೆ ಒರಟು ಅನ್ನಿಸುತ್ತಿದೆ.

ವಿಡಿಯೋವನ್ನು ಕೀಫ್ರೇಮ್ (ಬೇರೆ ಚಿತ್ರಗಳ ನೆರವಿಲ್ಲದೆ ತಾನೇ ಪೂರ್ತಿಯಾಗಿರುವ ಚಿತ್ರ) ಇರುವ ಕಡೆ ಕತ್ತರಿಸಿ, ಬಿಡುವಿರುವ ಯಂತ್ರಗಳಿಗೆಲ್ಲ ಹಂಚುವ ಉಪಾಯವೂ ಕೈಪಿಡಿಯಲ್ಲಿದೆ. ಆ ಒಂದೊಂದು ಭಾಗಕ್ಕೆ ‘ತುಂಡು’ ಸಾಕೋ, ‘ಕಂತು’ ಮೇಲೋ? ಕಂತು ಎಂದರೆ ಧಾರಾವಾಹಿ ಎಂದುಕೊಳ್ಳುತ್ತಾರೇನೋ. ಎಡಿಟಿಂಗ್ ಕೆಲಸದಲ್ಲಿ ಇರುವವರು ಯಾರಾದರೂ ಇದ್ದರೆ, ನಿಮ್ಮಲ್ಲಿ ಏನನ್ನುತ್ತೀರಿ ತಿಳಿಸಿ.