ತುರ್ತು: ಪೋಸ್ಟರಿಗೆ ಪದ ಬೇಕು (‘ಪ್ರೈವಸಿ’, ‘ಪ್ರೈವಸಿ ವಾಷಿಂಗ್’)

ಪೋಸ್ಟರಿನವಳು:

ಎಲ್ಲರಿಗೂ ನಮಸ್ಕಾರ. ನಾಳೆ ಸಂಜೆ ಐದರೊಳಗೆ ಫೈಲು ಪ್ರೆಸ್ಸಿಗೆ ಹೋಗಬೇಕು. ನಮ್ಮೂರ ಗ್ರಂಥಾಲಯದ ಗೋಡೆಗೆ ನಾಲ್ಕು ಪೋಸ್ಟರು ಮಾಡುತ್ತಿದ್ದೇವೆ. ದೊಡ್ಡ ಟೆಕ್ ಕಂಪನಿಗಳು ಪ್ರೈವಸಿ ಬಗ್ಗೆ ಏನು ಮಾತು ಕೊಟ್ಟವು, ಆಮೇಲೆ ಏನು ಮಾಡಿದವು ಅನ್ನುವುದು ವಿಷಯ. ಇಂಗ್ಲಿಷ್ ಮೂಲ ಚೆನ್ನಾಗಿದೆ. ಕನ್ನಡದಲ್ಲಿ ಎರಡು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಒಂದು, ಪ್ರೈವಸಿಗೆ ‘ಗೌಪ್ಯತೆ’ ಹಾಕಲಾ, ‘ಖಾಸಗಿತನ’ ಹಾಕಲಾ? ಆ್ಯಪ್‌ಗಳ ಕನ್ನಡ ಸೆಟ್ಟಿಂಗ್ಸ್‌ನಲ್ಲಿ ಗೌಪ್ಯತೆ ಅಂತ ಇರುತ್ತದೆ. ಪೇಪರಿನಲ್ಲಿ ಖಾಸಗಿತನ ಓದಿದ್ದೇನೆ.

ಎರಡು, ‘ಪ್ರೈವಸಿ ವಾಷಿಂಗ್’. ಪರಿಸರದ ಹೆಸರಲ್ಲಿ ನಾಟಕ ಮಾಡುವುದಕ್ಕೆ ಗ್ರೀನ್‌ವಾಷಿಂಗ್ ಅನ್ನುತ್ತಾರಲ್ಲ, ಅದೇ ಜಾತಿ. ಮೊದಲ ಕರಡಿನಲ್ಲಿ ‘ಗೌಪ್ಯತೆ ತೊಳೆಯುವಿಕೆ’ ಅಂತ ಬಂದಿತ್ತು. ಡಿಸೈನ್ ಮಾಡುವ ಹುಡುಗ ‘ಅಕ್ಕಾ, ಇದು ಸೋಪಿನ ಜಾಹೀರಾತಾ?’ ಅಂದ. ತೊಳೆಯುವುದು ಬಿಟ್ಟು ಬೇರೆ ಏನಾದರೂ ಹೇಳಿ.

ಮೊದಲ ಪೋಸ್ಟರಿನ ಒಕ್ಕಣೆ ಹೀಗಿದೆ, ಧಾಟಿ ಗೊತ್ತಾಗಲಿ ಅಂತ: ‘2019ರ ಜನವರಿ. ಲಾಸ್ ವೇಗಸ್‌ನಲ್ಲಿ ಆ್ಯಪಲ್ ಕಂಪನಿಯ ದೊಡ್ಡ ಫಲಕ: ನಿಮ್ಮ ಐಫೋನಿನಲ್ಲಿ ಆಗಿದ್ದು ನಿಮ್ಮ ಐಫೋನಿನಲ್ಲೇ ಇರುತ್ತದೆ. ಅದೇ ವರ್ಷದ ಜುಲೈ. ಐಫೋನಿನ ಧ್ವನಿ ಸಹಾಯಕಿ ಸಿರಿ ಕೇಳಿಸಿಕೊಂಡ ಮಾತಿನ ತುಣುಕುಗಳನ್ನು ಗುತ್ತಿಗೆ ಕೆಲಸಗಾರರು ಕಿವಿಗೆ ಹಾಕಿಕೊಂಡು ಕೇಳುತ್ತಿದ್ದಾರೆ ಅಂತ ಪತ್ರಿಕೆಯಲ್ಲಿ ಬಂತು. ಆಗಸ್ಟಿನಲ್ಲಿ ಕಂಪನಿ ಕ್ಷಮೆ ಕೇಳಿತು.’

ನಿವೃತ್ತ ಮೇಷ್ಟ್ರು:

‘ಗೌಪ್ಯತೆ’ ತಪ್ಪು. ಚರ್ಚೆಗೆ ಜಾಗವೇ ಇಲ್ಲ. ಗುಪ್ ಧಾತು, ಗೋಪ್ಯ ಅಂದರೆ ಮುಚ್ಚಿಡತಕ್ಕದ್ದು, ಅದರ ಭಾವನಾಮ ಗೋಪ್ಯತೆ. ಒಮ್ಮೆ ಗೌಪ್ಯ ಅಂತ ಮಾಡಿ ಅದಕ್ಕೆ ಮತ್ತೆ ‘ತೆ’ ಅಂಟಿಸುವುದು ಸೌಂದರ್ಯತೆ ಅಂದ ಹಾಗೆ. ನಲವತ್ತು ವರ್ಷ ಕೆಂಪು ಶಾಯಿ ಖರ್ಚು ಮಾಡಿದ್ದೇನೆ. ಈಗ ಫೋನಿನೊಳಗೇ ಬಂದು ಕೂತಿದೆ.

‘ಗೋಪ್ಯತೆ’ ಹಾಕಿ, ಮುಗಿಸಿ.

ಸಾಗರದವ:

ಮೇಷ್ಟ್ರೇ, ಹಾಗಾದರೆ ‘ಐಕ್ಯತೆ’ಯನ್ನೂ ಬಿಡಬೇಕಲ್ವಾ? ಏಕ, ಐಕ್ಯ, ಐಕ್ಯತೆ. ಎಲ್ಲ ಭಾಷಣದಲ್ಲೂ ಇದೆ.

ನಿವೃತ್ತ ಮೇಷ್ಟ್ರು:

ಐಕ್ಯತೆಯೂ ತಪ್ಪೇ. ಭಾಷಣ ಮಾಡುವವರನ್ನು ನೋಡಿ ವ್ಯಾಕರಣ ಬರೆಯುವುದಿಲ್ಲ.

ಕೋರ್ಟ್ ಹಾಲ್ ಮೂರು:

ಮೇಷ್ಟ್ರು ಕಾಗುಣಿತ ಸರಿ ಮಾಡಿದರು, ಸಂತೋಷ. ಆದರೆ ಗೌಪ್ಯತೆ, ಗೋಪ್ಯತೆ ಎರಡೂ ಇಲ್ಲಿ ಸಲ್ಲುವುದಿಲ್ಲ. ತಕರಾರು ಅರ್ಥದ್ದು.

ಮಂತ್ರಿಗಳು ರಾಜಭವನದಲ್ಲಿ ‘ಅಧಿಕಾರ ಮತ್ತು ಗೋಪ್ಯತೆಯ ಪ್ರಮಾಣವಚನ’ ತೆಗೆದುಕೊಳ್ಳುತ್ತಾರೆ. ಅಲ್ಲಿ ಗೋಪ್ಯತೆ ಅಂದರೇನು? ನನ್ನ ಕೈಗೆ ಬಂದ ಸರ್ಕಾರದ ವಿಷಯವನ್ನು ಹೊರಗೆ ಬಿಡುವುದಿಲ್ಲ ಅಂತ. ವಿಷಯ ಕೈಗೆ ಬಂದಾಗಿದೆ. ಬರಬೇಕಿತ್ತಾ, ಬರಬಾರದಿತ್ತಾ ಅನ್ನುವ ಪ್ರಶ್ನೆಯೇ ಆ ಪದದಲ್ಲಿ ಇಲ್ಲ. ಇಟ್ಟುಕೊಂಡವನ ಬಾಯಿ ಭದ್ರವಾಗಿದೆಯಾ ಅನ್ನುವುದಷ್ಟೇ ಇದೆ.

ಈಗ ಕಂಪನಿಯ ಮಾತು ನೋಡಿ. ‘ನಿಮ್ಮ ಗೌಪ್ಯತೆ ನಮಗೆ ಮುಖ್ಯ.’ ಈ ಕನ್ನಡ ಅವರಿಗೆ ಎಷ್ಟು ಅನುಕೂಲ ಅಂದರೆ, ಅವರೇ ಕೂತು ಬರೆದರೂ ಇದಕ್ಕಿಂತ ಚೆನ್ನಾಗಿ ಬರುತ್ತಿರಲಿಲ್ಲ. ನಿಮ್ಮಿಂದ ಎಷ್ಟು ಬೇಕಾದರೂ ತೆಗೆದುಕೊಳ್ಳಬಹುದು, ಬೇರೆಯವರಿಗೆ ಕಾಣದ ಹಾಗೆ ಇಟ್ಟುಕೊಂಡರೆ ಮಾತು ಉಳಿಸಿಕೊಂಡ ಹಾಗೆ! ಕದ್ದ ಒಡವೆಗೆ ಒಳ್ಳೆ ಬೀಗ ಹಾಕಿದ್ದೇನೆ ಅಂದ ಹಾಗಾಯಿತು.

ಖಾಸಗಿತನ ಅನ್ನುವ ಪದ ಮಾತನ್ನು ಬೇರೆ ಕಡೆಯಿಂದ ಶುರುಮಾಡುತ್ತದೆ. ಇದು ನನ್ನದು, ನಿನಗೆ ಯಾಕೆ ಬೇಕು ಅಂತ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಇದು ಮೂಲಭೂತ ಹಕ್ಕು ಅಂದಾಗ ನಮ್ಮ ಪೇಪರುಗಳು ‘ಖಾಸಗಿತನದ ಹಕ್ಕು’ ಅಂತಲೇ ಬರೆದವು. ಆ ಕೇಸು ಹಾಕಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಆಧಾರ್ ವಿರುದ್ಧ 2012ರಲ್ಲಿ ಹೋದರು, ಆಗಲೇ ಎಂಬತ್ತು ದಾಟಿದ್ದವರು. ಕನ್ನಡಿಗರೊಬ್ಬರು ಗೆದ್ದುಕೊಟ್ಟ ಹಕ್ಕಿಗೆ ಫೋನಿನವರ ಪದ ಯಾಕೆ?

ಅಚ್ಚಗನ್ನಡಿಗ:

ತಕರಾರು, ಜಾಹೀರಾತು, ಖಾಸಗಿ, ಹಕ್ಕು. ಒಂದೇ ಮಾತುಕತೆಯಲ್ಲಿ ಎಷ್ಟು ಪಾರ್ಸಿ, ಎಷ್ಟು ಅರಬ್ಬಿ! ಕನ್ನಡದ ಕೂಟ ಅಂದುಕೊಂಡು ಸೇರಿದ್ದೆ.

‘ಗುಟ್ಟು’ ಇದೆ. ಹಳ್ಳಿಯ ಅಜ್ಜಿಗೂ ಗೊತ್ತು. ಅದು ಸಾಲದು ಅಂದರೆ ‘ತನ್ನೊಳಗು’ ಅನ್ನಿ. ಟೆಕ್ ಕಂಪನಿಗಳಿಗೆ ‘ಹಿರಿಚಳಕದ ಕೂಟಗಳು’. ಎಲ್ಲಕ್ಕೂ ಸಾಲ ಎತ್ತುವ ಚಟ ಬಿಡಿ.

ಇನ್ನೊಂದು. ಖಾಸಗಿ ಪರನುಡಿ, ‘ತನ’ ಕನ್ನಡ. ಇವೆರಡನ್ನು ಸೇರಿಸಿದರೆ ಅರಿಸಮಾಸ ಆಗುವುದಿಲ್ಲವೇ ಮೇಷ್ಟ್ರೇ?

ನಿವೃತ್ತ ಮೇಷ್ಟ್ರು:

ಆಗುವುದಿಲ್ಲ. ‘ತನ’ ತದ್ಧಿತ ಪ್ರತ್ಯಯ, ಪದವಲ್ಲ. ಸಮಾಸವೇ ಇಲ್ಲದ ಕಡೆ ಅರಿಸಮಾಸ ಎಲ್ಲಿಂದ ಬರಬೇಕು? ಮೂರ್ಖತನಕ್ಕೆ ಇಲ್ಲದ ಮಡಿ ಖಾಸಗಿತನಕ್ಕೂ ಬೇಡ.

ಸಾಗರದವ:

‘ಚಳಕ’ ನನಗೆ ಹಿಡಿಸಿತು. ಕೈಚಳಕ ಅಂದರೆ ಜೇಬುಗಳ್ಳರ ನೆನಪಾಗುತ್ತದೆ. ಈ ಪೋಸ್ಟರಿಗೆ ಬೇಕಾಗಿದ್ದೂ ಅದೇ ತಾನೇ.

ಕೋರ್ಟ್ ಹಾಲ್ ಮೂರು:

ಗುಟ್ಟು ಬೇಡವೇ ಬೇಡ. ಗುಟ್ಟು ಅಂದರೆ ಏನೋ ಮಾಡಬಾರದ್ದು ಮಾಡಿ ಮುಚ್ಚಿಟ್ಟ ವಾಸನೆ. ‘ನಾನೇನು ಕಳ್ಳನಾ, ನನಗೆ ಮುಚ್ಚಿಡುವಂಥದ್ದು ಏನೂ ಇಲ್ಲ’ ಅಂತ ಫೋನು ಹಿಡಿದವರೆಲ್ಲ ಹೇಳುತ್ತಾರಲ್ಲ, ಆ ಮಾತಿಗೆ ನೀವೇ ದಾರಿ ಮಾಡಿಕೊಟ್ಟ ಹಾಗೆ. ನನ್ನ ಮನೆಯ ಹಾಲಿನ ಲೆಕ್ಕ ಗುಟ್ಟಲ್ಲ. ಆದರೂ ನಿಮಗೆ ತೋರಿಸುವುದಿಲ್ಲ.

ಇನ್ನು ಪಾರ್ಸಿ ಬಗ್ಗೆ. ವಕೀಲ, ಕಾನೂನು, ಜಮೀನು, ರಸೀದಿ, ಜಾಮೀನು ಬಿಟ್ಟರೆ ನಾನು ನಾಳೆಯಿಂದ ಕೆಲಸಕ್ಕೆ ಹೋಗುವ ಹಾಗಿಲ್ಲ. ಈ ವಿಷಯದಲ್ಲಿ ರಾಜಿ ಇಲ್ಲ. ರಾಜಿಯೂ ಅರಬ್ಬಿಯೇ.

ಅಚ್ಚಗನ್ನಡಿಗ:

ತಮಾಷೆ ಸಾಕು. ಐನೂರು ವರುಷದ ಹಿಂದೆ ಬಂದ ಪದಕ್ಕೂ ನಿನ್ನೆ ಬಂದ ‘ಪ್ರೈವಸಿ’ಗೂ ಏನು ಬೇರೆತನ? ಇವತ್ತು ಬಿಟ್ಟರೆ ಅದೂ ನಾಳೆ ‘ನಮ್ಮದೇ’ ಆಗುತ್ತದೆ.

ಸಾಗರದವ:

ಆಗಲಿ ಬಿಡಿ. ಬಸ್ಸು ಆಗಲಿಲ್ವಾ?

ಪೋಸ್ಟರಿನವಳು:

ದಯವಿಟ್ಟು. ನಾಳೆ ಐದು ಗಂಟೆ. ವಾಷಿಂಗ್‌ಗೆ ಯಾರೂ ಏನೂ ಹೇಳಲಿಲ್ಲ.

ಹುಬ್ಬಳ್ಳಿ ಮೂಲ, ಈಗ ಸ್ಯಾನ್ ಹೋಸೆ:

ಇದೇ ಕ್ಷೇತ್ರದಲ್ಲಿ ದುಡಿಯುವವನು, ಹಾಗಾಗಿ ಸ್ವಲ್ಪ ನಾಚಿಕೆಯಿಂದಲೇ ಬರೆಯುತ್ತಿದ್ದೇನೆ.

‘ಮೂಗಿಗೆ ತುಪ್ಪ ಸವರುವುದು’ ಅಂತ ಹಾಕಿ. ವಾಸನೆ ಘಮ್ ಅನ್ನುತ್ತದೆ, ನಾಲಿಗೆಗೆ ಏನೂ ಸಿಗುವುದಿಲ್ಲ. ಪ್ರೈವಸಿ ವಾಷಿಂಗ್ ಅಂದರೆ ಪೂರ್ತಿ ಇದೇ. ನಮ್ಮ ಕಡೆ ಚುನಾವಣೆಗೊಮ್ಮೆ ಕೇಳುವ ಮಾತು. ‘ಬಣ್ಣ ಬಳಿಯುವುದು’, ‘ಸೋಗು’ ಎಲ್ಲ ಸಪ್ಪೆ.

ಎರಡನೆಯದು, ಒಕ್ಕಣೆಯಲ್ಲಿ ‘ನಿಮ್ಮ ಮಾಹಿತಿ ಮಾರುತ್ತಾರೆ’ ಅಂತ ಎಲ್ಲಾದರೂ ಇದ್ದರೆ ತೆಗೆಯಿರಿ. ‘ನಾವು ಮಾರುವುದಿಲ್ಲ’ ಅಂತ ಗೂಗಲ್, ಮೆಟಾ (ಫೇಸ್‌ಬುಕ್, ವಾಟ್ಸ್ಆ್ಯಪ್ ಎರಡರ ಒಡೆತನದ ಕಂಪನಿ) ಎರಡೂ ಹೇಳುತ್ತವೆ. ಆ ಒಂದು ಕ್ರಿಯಾಪದ ಹಿಡಿದುಕೊಂಡೇ ಪಾರಾಗುತ್ತವೆ. ‘ನಿಮ್ಮ ಮಾಹಿತಿ ಇಟ್ಟುಕೊಂಡು ಜಾಹೀರಾತಿನ ಜಾಗ ಮಾರುತ್ತಾರೆ’ ಅನ್ನಿ. ಉದ್ದ ಆಯಿತು, ಆದರೆ ಯಾರೂ ಅಲ್ಲಗಳೆಯುವ ಹಾಗಿಲ್ಲ.

ಮೂರು, ವಾಟ್ಸ್ಆ್ಯಪ್ ವಿಷಯದಲ್ಲಿ ಎಚ್ಚರ. 2016ರಿಂದ ಅದರಲ್ಲಿ ಸಂದೇಶಕ್ಕೆ ಬೀಗ ಇದೆ. ಕಳಿಸಿದವರು, ಪಡೆದವರು ಬಿಟ್ಟರೆ ಕಂಪನಿಯೂ ಓದುವ ಹಾಗಿಲ್ಲ. ಅದು ಸುಳ್ಳಲ್ಲ. ಆದರೆ ಯಾರು ಯಾರಿಗೆ, ಎಷ್ಟು ಹೊತ್ತಿಗೆ, ಎಷ್ಟು ಸಲ ಅನ್ನುವುದು ಆ ಬೀಗದ ಹೊರಗೆ. ಒಬ್ಬರು ಸಂಜೆ ಲ್ಯಾಬಿಗೆ ಮೆಸೇಜು ಹಾಕಿದರು. ರಾತ್ರಿ ಹನ್ನೊಂದಕ್ಕೆ ಅಣ್ಣನಿಗೆ. ಬೆಳಗ್ಗೆ ಎದ್ದ ತಕ್ಷಣ ಚೀಟಿ ನಡೆಸುವವರಿಗೆ, ಆಮೇಲೆ ಚಿನ್ನದ ಸಾಲ ಕೊಡುವವರಿಗೆ. ಒಂದು ಅಕ್ಷರ ಓದದೆಯೂ ಕಥೆ ತಿಳಿಯಿತಲ್ವಾ? ಕೋರ್ಟ್ ಹಾಲ್‌ನವರು ಹೇಳಿದ ವ್ಯತ್ಯಾಸ ಇಲ್ಲಿ ನಿಂತಿದೆ ನೋಡಿ. ಇಲ್ಲಿ ಗೋಪ್ಯತೆ ಪಕ್ಕಾ ಇದೆ. ಖಾಸಗಿತನ ಇಲ್ಲ.

ನಿವೃತ್ತ ಮೇಷ್ಟ್ರು:

ಈ ಉದಾಹರಣೆ ಒಪ್ಪಿದೆ. ‘ಪಕ್ಕಾ’ ಒಪ್ಪಿಲ್ಲ.

ಪೋಸ್ಟರಿನವಳು:

ತುಪ್ಪ ಸಿಕ್ಕಿತು! ತುಂಬಾ ಥ್ಯಾಂಕ್ಸ್. ಎರಡನೇ ಪೋಸ್ಟರು ಗೂಗಲ್‌ದು: ‘ಲೊಕೇಶನ್ ಹಿಸ್ಟರಿ’ ಆಫ್ ಮಾಡಿದ ಮೇಲೂ ಬೇರೊಂದು ಸೆಟ್ಟಿಂಗ್ ಮೂಲಕ ಜಾಗದ ಲೆಕ್ಕ ಇಡುತ್ತಿತ್ತು ಅಂತ 2018ರಲ್ಲಿ ಹೊರಬಂತು, 2022ರಲ್ಲಿ ಅಮೆರಿಕದ 40 ರಾಜ್ಯಗಳ ಜೊತೆ 39.15 ಕೋಟಿ ಡಾಲರಿಗೆ ಇತ್ಯರ್ಥ ಮಾಡಿಕೊಂಡಿತು. ಇದರಲ್ಲಿ ಕನ್ನಡದ ತೊಂದರೆ ಇಲ್ಲ.

ಮೂರನೆಯದು ವಾಟ್ಸ್ಆ್ಯಪ್. 2021ರ ಜನವರಿಯಲ್ಲಿ ಪರದೆ ತುಂಬ ಬಂದ, ಹೊಸ ಪ್ರೈವಸಿ ನೀತಿಯ ಆ ನೋಟಿಸು. ಫೆಬ್ರುವರಿ 8ರೊಳಗೆ ಒಪ್ಪಿಕೊಳ್ಳಿ, ಆಮೇಲೆ ಬಳಸಬೇಕಾದರೆ ಒಪ್ಪಲೇಬೇಕು ಅಂತ. ಜನ ಗಲಾಟೆ ಮಾಡಿದ ಮೇಲೆ ಗಡುವು ಮೇ 15ಕ್ಕೆ ಹೋಯಿತು. ಇಲ್ಲಿ ‘ಕನ್ಸೆಂಟ್’ ಪದ ಬರುತ್ತದೆ. ‘ಸಮ್ಮತಿ’ಯಾ, ‘ಒಪ್ಪಿಗೆ’ಯಾ?

ಅಚ್ಚಗನ್ನಡಿಗ:

ಒಪ್ಪಿಗೆ. ಇದನ್ನೂ ಕೇಳಬೇಕೇ?

ಕೋರ್ಟ್ ಹಾಲ್ ಮೂರು:

ಈ ಒಂದು ವಿಷಯದಲ್ಲಿ ಅಚ್ಚಗನ್ನಡಿಗರ ಜೊತೆ ಇದ್ದೇನೆ. ಒಪ್ಪಿಗೆಯೇ ಸರಿ. ಗುಂಡಿ ಒತ್ತುವವರಿಗೆ ಅರ್ಥವಾಗಬೇಕು.

ಆದರೆ ಆ ಗುಂಡಿ ಒತ್ತಿದ್ದನ್ನು ಒಪ್ಪಿಗೆ ಅನ್ನಬಹುದಾ? ಅದನ್ನು ಪೋಸ್ಟರಿನಲ್ಲಿ ಕೇಳಿ. ಊರವರೆಲ್ಲ, ಶಾಲೆಯ ಗುಂಪು, ಗ್ಯಾಸಿನವರು, ಎಲ್ಲ ಅದರೊಳಗೇ ಇರುವಾಗ ಒಲ್ಲೆ ಅನ್ನುವ ದಾರಿಯೇ ಇರಲಿಲ್ಲ. ಭಾರತೀಯ ಸ್ಪರ್ಧಾ ಆಯೋಗ 2024ರ ನವೆಂಬರಿನಲ್ಲಿ ಮೆಟಾ ಕಂಪನಿಗೆ 213.14 ಕೋಟಿ ರೂಪಾಯಿ ದಂಡ ಹಾಕಿದ್ದು ಇದೇ ‘ಒಪ್ಪು, ಇಲ್ಲ ಹೊರಡು’ ಧಾಟಿಗೆ. ಮುಂದಿನ ವರ್ಷ ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಉಳಿಸಿತು. ಜಾಹೀರಾತಿಗಾಗಿ ಐದು ವರ್ಷ ಮಾಹಿತಿ ಹಂಚಬಾರದು ಅನ್ನುವ ನಿರ್ಬಂಧವನ್ನು ಮಾತ್ರ ತೆಗೆದುಹಾಕಿತು. ಎರಡನ್ನೂ ಬರೆಯಿರಿ. ಅರ್ಧ ಬರೆದರೆ ನಾವೂ ತುಪ್ಪ ಸವರಿದ ಹಾಗಾಗುತ್ತದೆ.

ಇನ್ನೊಂದು ಮಾತು, ಇದು ಈ ಕೂಟಕ್ಕೇ ಸಂಬಂಧಿಸಿದ್ದು. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆ ಕೇಳುವ ನೋಟಿಸನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆಯನ್ನು ಜನರಿಗೆ ಕೊಡಬೇಕು. ಕನ್ನಡವೂ ಆ ಪಟ್ಟಿಯಲ್ಲಿದೆ. ನಿಯಮಗಳು 2025ರ ನವೆಂಬರಿನಲ್ಲಿ ಬಂದವು, ಈ ಭಾಗ ಜಾರಿಗೆ ಬರಲು ಹದಿನೆಂಟು ತಿಂಗಳು ಕೊಟ್ಟಿದ್ದಾರೆ. ಅಂದರೆ ಸಾವಿರಾರು ಕಂಪನಿಗಳು ಈಗ ಕನ್ನಡ ನೋಟಿಸು ಬರೆಸಬೇಕು. ನಾವು ಇಲ್ಲಿ ‘ತೆ’ಗೆ ಜಗಳ ಆಡುತ್ತಾ ಕೂತರೆ ಅವರು ಮೆಷಿನ್ನಿಗೆ ಹಾಕಿ ‘ಗೌಪ್ಯತೆ’ ಅಂತಲೇ ತೆಗೆಯುತ್ತಾರೆ.

ಸಾಗರದವ:

ಆ ಕಾಯ್ದೆಯಲ್ಲಿ ನಮಗೆ ‘ಡೇಟಾ ಪ್ರಿನ್ಸಿಪಲ್’ ಅಂತ ಹೆಸರು. ಮಾಹಿತಿ ಯಾರ ಬಗ್ಗೆ ಇದೆಯೋ ಅವರೆಲ್ಲ ಪ್ರಿನ್ಸಿಪಲ್. ಇದನ್ನು ಕನ್ನಡಕ್ಕೆ ಹೇಗೆ ತರುತ್ತೀರಿ? ‘ದತ್ತಾಂಶ ಪ್ರಾಂಶುಪಾಲ’ ಅಂತ ಯಾರಾದರೂ ಮಾಡೇ ಮಾಡುತ್ತಾರೆ, ನೋಡುತ್ತಿರಿ.

ನಿವೃತ್ತ ಮೇಷ್ಟ್ರು:

‘ಮಾಹಿತಿಯ ಒಡೆಯ’.

ಅಚ್ಚಗನ್ನಡಿಗ:

‘ಒಡೆಯ’ ಸರಿ. ‘ಮಾಹಿತಿ’ ಮರಾಠಿಯಿಂದ ಬಂದದ್ದು. ಒಳ್ಳೆಯ ‘ಅರುಹು’ ಇರುವಾಗ ಅದು ಯಾಕೆ?

ಹುಬ್ಬಳ್ಳಿ ಮೂಲ, ಈಗ ಸ್ಯಾನ್ ಹೋಸೆ:

ಮರಾಠಿಯವರ ಸಾಲಕ್ಕೆ ನಾವು ಹುಬ್ಬಳ್ಳಿಯವರು ಬಡ್ಡಿ ಕಟ್ಟುತ್ತಲೇ ಇದ್ದೇವೆ, ನೀವು ಚಿಂತೆ ಮಾಡಬೇಡಿ. ಆದರೆ ‘ಒಡೆಯ’ ನಾನು ಒಪ್ಪುವುದಿಲ್ಲ. ಒಡೆಯ ಅಂದರೆ ಮಾರಲೂಬಹುದು. ಖಾಸಗಿತನ ಮಾರುವಂಥದ್ದಲ್ಲ, ಮೂಲಭೂತ ಹಕ್ಕು ಅಂತ ಮೇಲೆ ಹೇಳಿದ್ದಾರೆ. ‘ಸಂಬಂಧಪಟ್ಟ ವ್ಯಕ್ತಿ’ ಸಾಕು. ಸಪ್ಪೆಯಾದರೂ ಸುಳ್ಳಿಲ್ಲ.

ನಿವೃತ್ತ ಮೇಷ್ಟ್ರು:

ಸರ್ಕಾರಿ ಸುತ್ತೋಲೆಯ ಕನ್ನಡ. ಬೇಡ.

ಪೋಸ್ಟರಿನವಳು:

ಆ ಪದ ನನ್ನ ಪೋಸ್ಟರಿನಲ್ಲಿ ಬರುವುದಿಲ್ಲ, ದಯವಿಟ್ಟು ಬೇರೆ ಎಳೆ ಶುರುಮಾಡಿ.

ಪ್ರೆಸ್ಸಿಗೆ ಕಳಿಸಿದೆ. ತಲೆಬರಹ: ‘ಖಾಸಗಿತನದ ಹೆಸರಲ್ಲಿ ಮೂಗಿಗೆ ತುಪ್ಪ’. ವಾಟ್ಸ್ಆ್ಯಪ್ ಪೋಸ್ಟರಿನಲ್ಲಿ ಲ್ಯಾಬು, ಅಣ್ಣ, ಚೀಟಿ, ಚಿನ್ನದ ಸಾಲ ನಾಲ್ಕನ್ನೂ ಗಡಿಯಾರದ ಚಿತ್ರದ ಜೊತೆ ಹಾಕಿದ್ದೇವೆ. ಕೆಳಗೆ ಒಂದೇ ಸಾಲು: ‘ಯಾರೂ ಓದಲಿಲ್ಲ. ಆದರೂ ಗೊತ್ತಾಯಿತು.’ ದಂಡದ ಕಥೆ ಎರಡೂ ಭಾಗ ಇದೆ. ನಾಲ್ಕನೆಯದರಲ್ಲಿ ‘ಒಪ್ಪಿಗೆ ನೋಟಿಸು ಕನ್ನಡದಲ್ಲಿ ಕೇಳುವುದು ನಿಮ್ಮ ಹಕ್ಕು’ ಅಂತ ದೊಡ್ಡದಾಗಿ. ಪಿಡಿಎಫ್ ಲಗತ್ತಿಸಿದ್ದೇನೆ.

ನಿವೃತ್ತ ಮೇಷ್ಟ್ರು:

ನೋಡಿದೆ. ಮೂರನೇ ಪೋಸ್ಟರಿನ ಮೇಲ್ತುದಿಯಲ್ಲಿ ‘ಗೌಪ್ಯತೆ’ ಇನ್ನೂ ಹಾಗೇ ಇದೆ. ತಿದ್ದಿಸಿ.

ಪೋಸ್ಟರಿನವಳು:

ಅದು ಕಂಪನಿಯವರ ಮಾತು ಮೇಷ್ಟ್ರೇ, ಉದ್ಧರಣ ಚಿಹ್ನೆಯೊಳಗಿದೆ. ತಪ್ಪು ಅವರದ್ದೇ, ಅವರ ಹೆಸರಲ್ಲೇ ಇರಲಿ.