ಅಪ್‌ಡೇಟ್: ಕೊಟ್ಟಿಗೆ ಸೋಲಾರ್ ಕೊನೆಗೂ ಸರಿ ಹೋಯ್ತು

ಹೋದ ವಾರ ಕೇಳಿದ್ದೆನಲ್ಲ, ಶಿರಸಿ ಹತ್ತಿರ ನಮ್ಮ ಕೊಟ್ಟಿಗೆ ಮೇಲಿನ 40 ವ್ಯಾಟ್ ಪ್ಯಾನೆಲ್ ಬ್ಯಾಟರಿ ತುಂಬಿಸ್ತಿಲ್ಲ, ರಾತ್ರಿ ಎಂಟಕ್ಕೇ ಬಲ್ಬ್ ಮಂಕಾಗುತ್ತೆ ಅಂತ.

ಮೊದಲು ಒರೆಸಿ ನೋಡಿದೆ. ಅಡಿಕೆ ಒಣಗಿಸೋ ಅಂಗಳದ ಧೂಳು ಬೇಕಾದಷ್ಟಿತ್ತು, ಆದರೆ ದೊಡ್ಡ ವ್ಯತ್ಯಾಸವೇನೂ ಕಾಣಲಿಲ್ಲ. 45 ಡಿಗ್ರಿ ಎತ್ತಿ ಅಂದವರ ಮಾತು ಕೇಳಿ ಎತ್ತಿದೆ, ಅದರಿಂದಲೂ ಉಪಯೋಗವಾಗಲಿಲ್ಲ.

ಕೆಲಸಕ್ಕೆ ಬಂದದ್ದು "ನೆರಳು ನೋಡಿ" ಅಂದವರ ಸಲಹೆ. ಬೆಳಿಗ್ಗೆಯಿಂದ ಗಂಟೆಗೊಮ್ಮೆ ಹೋಗಿ ನೋಡಿದೆ (ಮನೆಯವರು ನಕ್ಕರು). ಹನ್ನೊಂದಕ್ಕೆ ಒಂದೇ ಒಂದು ಅಡಿಕೆ ಸೋಗೆಯ ನೆರಳು ಮೂಲೆಗೆ ಬಿತ್ತು. ಮೀಟರ್‌ನಲ್ಲಿ 2 ಆಂಪ್ ಇದ್ದದ್ದು 0.7ಕ್ಕೆ ಇಳೀತು! ಪ್ಯಾನೆಲ್ ಒಳಗಿನ ಸೆಲ್‌ಗಳೆಲ್ಲ (ಕರೆಂಟ್ ಮಾಡೋ ಬಿಲ್ಲೆಗಳು) ಒಂದಕ್ಕೊಂದು ಕೊಂಡಿಯಂತೆ ಸರಣಿಯಲ್ಲಿರೋದರಿಂದ ಒಂದಕ್ಕೆ ನೆರಳಾದರೂ ಉಳಿದವಕ್ಕೂ ಅಡ್ಡಿಯಂತೆ.

ಏಪ್ರಿಲ್‌ನಲ್ಲಿ ಸರಿಯಿದ್ದದ್ದು ಈಗೇಕೆ ಕೆಟ್ಟಿತು ಅನ್ನೋದೂ ಗೊತ್ತಾಯ್ತು. ಆಗ ಸೂರ್ಯ ನೆತ್ತಿ ಮೇಲೆ, ಡಿಸೆಂಬರ್‌ನಲ್ಲಿ ದಕ್ಷಿಣಕ್ಕೆ ವಾಲಿ ತೋಟದ ಮರಗಳ ಹಿಂದೆ ಸರಿಯುತ್ತಾನೆ.

ಪ್ಯಾನೆಲ್ಲನ್ನು ಅಂಗಳದ ಕಂಬಕ್ಕೆ ಸಾಗಿಸಿ, ದಕ್ಷಿಣಕ್ಕೆ ಮುಖ ಮಾಡಿ, ಸುಮಾರು 15 ಡಿಗ್ರಿ ಓರೆಯಲ್ಲಿ ಕಟ್ಟಿದೆ. ಕೊಟ್ಟಿಗೆ ತಗಡಿಗೆ ಅಂಟಿಕೊಂಡು ಪ್ಯಾನೆಲ್ ಬಿಸಿಯಾಗೋದೂ ತಪ್ಪಿತು. ವೈರ್ ಮಾತ್ರ ಆರು ಮೀಟರ್ ಜಾಸ್ತಿ ಬೇಕಾಯ್ತು, ದಪ್ಪನೆಯದೇ ಹಾಕಿದೆ.

ನಿನ್ನೆ ಬೆಳಿಗ್ಗೆ ಐದಕ್ಕೆ ಹಾಲು ಕರೆಯುವಾಗಲೂ ಬಲ್ಬ್ ಉರೀತಿತ್ತು.